ಬಾಗಿಲು ಹಾಕಿಕೊಂಡು ಅಗಿದ ಮುದ್ದೆ

ಹಲಗೂರಿನ ನಮ್ಮ ದೊಡ್ಡಪ್ಪನ ಜಠರ ಮತ್ತೆ ಎದೆಗೂಡಿಗೆ ಏರಿದೆ, ಗೆಳೆಯರೇ. ಒಮ್ಮೆ ಆಪರೇಷನ್ ಮಾಡಿಸಿದ್ದ ಹರ್ನಿಯಾ, ಮರುಕಳಿಸಿದೆ. ಇವತ್ತು ಮಂಡ್ಯದಲ್ಲಿ ಡಾಕ್ಟರು, "ಎರಡನೇ ಸಲದ ಆಪರೇಷನ್ ಮೊದಲಿನಷ್ಟು ಸಲೀಸಲ್ಲ. ಎದೆಯುರಿ ಕಡಿಮೆಯಾಗಬಹುದು, ಆದ್ರೆ ಮತ್ತೆ ಬರಲ್ಲ ಅಂತ ಮಾತು ಕೊಡೋಕಾಗಲ್ಲ. ಇನ್ಮೇಲೆ ಏನೇ ತಿಂದ್ರೂ ಚೆನ್ನಾಗಿ ಅಗೀಬೇಕು" ಎಂದರು.

"ಮುದ್ದೇನೂವಾ? ಅದು ನುಂಗೋದಲ್ವಾ ಸಾ? ನೀವ್ ಯಾವೂರೋರು?" ದೊಡ್ಡಪ್ಪ ಕೇಳಿದರು.

"ಮದ್ದೂರು" ಎಂದು ಡಾಕ್ಟರು ತಲೆ ತಗ್ಗಿಸಿ ನಕ್ಕರು. "ಆದ್ರೂ ಅಗೀಬೇಕು."

ಆಪರೇಷನ್ನಿಗೆ ದೊಡ್ಡಪ್ಪ ಅಲ್ಲೇ ಒಪ್ಪಿದರು, ಹೆದರಿದ್ದು ನಾನು. ಮನೆಗೆ ಬಂದು ಊಟಕ್ಕೆ ಕೂತಾಗ, "ಬಾಗ್ಲಾಕ್ಲಾ ಮೊದ್ಲು" ಎಂದರು. ಚೂರು ಮುದ್ದೆಯನ್ನು ಸಾರಿಗದ್ದಿ, ಕಣ್ಣು ಮುಚ್ಚಿ ಅಗಿದರು. "ಯಾರ್ಗೂ ಏಳ್ಬ್ಯಾಡ ಕಣ್ಲಾ."

ಎರಡನೇ ಸಲದ ಕತ್ತಿಗೆ ಅಂಜದ ಮನುಷ್ಯ, ಮುದ್ದೆಗೆ ಹಲ್ಲು ತಾಗಿದ್ದು ಊರಿಗೆ ಗೊತ್ತಾದೀತೆಂದು ಅಂಜುತ್ತಿದ್ದಾರೆ. ನೀವೂ ಯಾರಿಗೂ ಹೇಳಬೇಡಿ.