ಕೆಂಡ ಕೇಳಿ ಬರುತ್ತಿದ್ದ ಆಯಿ

ಬಳೆಗಾರ ಆಯಿಯ ಅಂಗೈ ತುಂಬ ಗಾಜು ಕೊಯ್ದ ಗೆರೆಗಳಿದ್ದವು. ಬಳೆ ಏರಿಸುವಾಗ ಒಡೆದರೆ ಚೂರು ತನಗೇ ನಾಟಲೆಂದು ಕೈ ಅಡ್ಡ ಹಿಡಿಯುತ್ತಿದ್ದಳು. ಇಳಕಲ್ಲಿನ ನೇಕಾರರ ಓಣಿಯಲ್ಲಿ ಆ ಮುಸಲ್ಮಾನ ಮುದುಕಿ ಕೂರದ ಪಡಸಾಲೆಯಿರಲಿಲ್ಲ.

ಪ್ಲೇಗು ಬಂದ ವರ್ಷ ಎಲ್ಲರೂ ಊರ ಹೊರಗೆ ಗುಡಿಸಲು ಹಾಕಿಕೊಂಡೆವು. ಮಗ್ಗಗಳು ನಿಂತವು. ಪೇಟೆಯ ನಾಲ್ಕು ಜನ ಕೂಡಿ ಧರ್ಮದ ಜೋಳ ಹಂಚತೊಡಗಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆನ್ನುವ ಮಂದಿ ನಾವು. ನಮ್ಮ ಹೆಂಗಸರು ಆ ಸಾಲಿನಲ್ಲಿ ನಿಲ್ಲಲಿಲ್ಲ.

"ಅವರು ಬರೂದಿಲ್ರಿ. ಜ್ವಾಳ ನನ್ನ ಬುಟ್ಟ್ಯಾಗ ಹಾಕ್ರಿ" ಎಂದು ಆಯಿ ಹಂಚುವವರಿಗೆ ಹೇಳಿದಳಂತೆ.

ದಿನಾ ಮುಂಜಾನೆ ಬಳೆಬುಟ್ಟಿ ಹೊತ್ತು, ಕೆಂಡ ಒಯ್ಯಲು ಸಗಣಿ ಕುಳ್ಳಿನ ತುಂಡು ಹಿಡಿದು ಗುಡಿಸಲುಗಳಿಗೆ ಬರುತ್ತಿದ್ದಳು. "ನನ್ನ ಒಲಿ ಆರೈತಿ, ಒಂದ ಕೆಂಡ ಕೊಡವಾ." ಕೆಂಡ ಕೇಳುವುದು ನಮ್ಮಲ್ಲಿ ದಿನನಿತ್ಯದ ಮಾತು. ಕೆಂಡ ಸಿಕ್ಕರೆ ಮುಂದೆ ಹೋಗುವಳು. ಒಲೆ ತಣ್ಣಗಿದ್ದಲ್ಲಿ ಬಳೆ ತೋರಿಸುವ ನೆಪದಲ್ಲಿ ಕೂತು, ಬಳೆಯ ಕೆಳಗಿನ ಜೋಳ ಸುರುವಿ ಎದ್ದು ಹೋಗುವಳು.

ಅವ್ವನಿಗೆ ಈ ಗುಟ್ಟು ತಿಳಿಯಿತು. ಅಪ್ಪ ಪ್ಲೇಗಿಗೆ ತೀರಿ ಹದಿನೈದು ದಿನವಾಗಿತ್ತು. ಮನೆಯಲ್ಲಿ ಕಾಳಿರಲಿಲ್ಲ. ಆದರೂ ಒಲೆ ಹೊತ್ತಿಸಿ, ಗಡಿಗೆಯಲ್ಲಿ ಬರೀ ನೀರಿಟ್ಟಳು. "ನಿಮ್ಮಪ್ಪ ಯಾರ ಮುಂದೂ ಕೈ ಚಾಚಿಲ್ಲ. ಆಕಿ ಬಂದ್ರ ಕೆಂಡ ಕೊಟ್ಟ ಕಳಸು" ಎಂದಳು.

ಒಂಬತ್ತು ವರ್ಷದವಳು ನಾನು. ಮೂರು ದಿನ ನಾನೇ ಕೆಂಡ ಕೊಟ್ಟೆ. ಮೂರು ವರ್ಷದ ತಮ್ಮ ಕುದಿಯುವ ಗಡಿಗೆಯನ್ನೇ ನೋಡುತ್ತ ಕೂತಿರುತ್ತಿದ್ದ. ನಾಲ್ಕನೆಯ ಮುಂಜಾನೆ ಅವನು ಏಳಲಿಲ್ಲ.

ಅಳು ಕೇಳಿ ಆಯಿ ಒಳಗೆ ಬಂದಳು. ಮುಚ್ಚಳ ತೆಗೆದು ನೀರು ನೋಡಿ ಅಲ್ಲೇ ಕುಸಿದಳು. "ಒಲಿ ನೋಡಿದೆ, ಗಡಿಗಿ ನೋಡಲಿಲ್ಲವ್ವಾ ನಾ" ಎಂದಳು.

ಅಂದಿನಿಂದ ಅವಳು ಕೆಂಡ ಕೇಳಲಿಲ್ಲ. ನೇರ ಒಳಗೆ ಬಂದು ಮುಚ್ಚಳ ಎತ್ತುತ್ತಿದ್ದಳು. ಗಡಿಗೆ ಮುಟ್ಟಿದಳೆಂದು ಎಷ್ಟೋ ಹೆಂಗಸರು ಬೈದರು. ಬೈಸಿಕೊಂಡೇ ಜೋಳ ಸುರುವಿ ಹೋದಳು. ನಾನು ಬದುಕಿದ್ದು ಆ ಜೋಳದಿಂದ.

ಅವಳ ಕೊನೆಗಾಲಕ್ಕೆ, ನನ್ನ ಗಂಡನ ಮನೆಯಿದ್ದ ಗುಡೂರಿನಿಂದ ಹೋಗಿ ಹಾಸಿಗೆಯ ಪಕ್ಕ ಕೂತೆ. "ಗೊತ್ತಿದ್ದೂ ಕೆಂಡ ಕೊಟ್ಟೆ, ಆಯಿ" ಎಂದೆ.

ಅವಳು ನನ್ನ ಮುಂಗೈ ಹಿಡಿದಳು. "ಕೂಸು ಅವ್ವನ ಮಾತ ಕೇಳತೈತಿ. ತಪ್ಪ ನಂದ."

ನಿನ್ನದಲ್ಲ ಎಂದು ನಾನು ಹೇಳಬೇಕಿತ್ತು. ಅಳುತ್ತ ಕೂತೆ, ಹೇಳಲಿಲ್ಲ. ಮರುದಿನ ಅವಳನ್ನು ಮಣ್ಣು ಮಾಡಿದರು.