ಕಿವಿಯಮ್ಮನ ಮೂರು ದಿನ

ನನ್ನ ಅತ್ತಿಗೆಗೆ ಫ್ಯಾಕ್ಟರಿಯಲ್ಲಿ ಕಿವಿಯಮ್ಮ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರಿಗೆ ಆಗಿನ್ನೂ ಅವರ ಬಾಯಿಯ ಪರಿಚಯ ಆಗಿರಲಿಲ್ಲ ಅನ್ನುವುದು ಮಾತ್ರ ಖಂಡಿತ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬಂದವರು. ನಾನು ಉಗ್ರಾಣದಲ್ಲಿ, ಅವರು ಉಗ್ರಾಣಕ್ಕೆ ಅಂಟಿಕೊಂಡಿದ್ದ ಕಿಟಕಿಯಿಲ್ಲದ ಕೋಣೆಯಲ್ಲಿ. ನಮ್ಮ ಕಂಪನಿ ಮಾಡುತ್ತಿದ್ದದ್ದು ಶಬ್ದವನ್ನು ದೊಡ್ಡದು ಮಾಡುವ ಚಿಪ್. ಫೋನು, ರೇಡಿಯೊ, ಕಿವಿಯಂತ್ರ, ಎಲ್ಲದರ ಹೊಟ್ಟೆಯಲ್ಲೂ ಅಕ್ಕಿಕಾಳಿನಷ್ಟು ಜಾಗ ಹಿಡಿದು ಕೂರುವಂಥದ್ದು.

ಅತ್ತಿಗೆಯ ಕೆಲಸ ಕೇಳುವುದು. ಹಾಡು ಕೇಳುವುದಲ್ಲ. ಹೆಡ್‌ಫೋನ್ ಹಾಕಿಕೊಂಡು, ಶಬ್ದದ ಗುಂಡಿಯನ್ನು ಪೂರ್ತಿ ಏರಿಸಿ, ಏನನ್ನೂ ನುಡಿಸದೆ ಸುಮ್ಮನೆ ಕೂರುವುದು. ಏನೂ ಕೇಳಿಸದಿದ್ದರೆ ಚಿಪ್ ಒಳ್ಳೆಯದು, ಸಣ್ಣಗೆ ಸುಯ್ ಎಂದರೆ ಕೆಟ್ಟದ್ದು. ಅವರಿಗಿಂತ ಮೊದಲು ಯಂತ್ರವೂ ಪರೀಕ್ಷೆ ಮಾಡಿ ‘ಪಾಸ್’ ಎಂದು ಲೇಬಲ್ ಅಂಟಿಸುತ್ತಿತ್ತು. ಯಂತ್ರ ಪಾಸು ಮಾಡಿದ್ದನ್ನು ಇವರು ಫೇಲು ಮಾಡುತ್ತಿದ್ದರು. ಹೀಗಾಗಿ ಮ್ಯಾನೇಜರಿಗೂ ಇವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಅವರ ಹಟಕ್ಕೆ ಕಾರಣವಿತ್ತು. ನನ್ನ ಅಮ್ಮನಿಗೆ, ಅಂದರೆ ಅವರ ಅತ್ತೆಗೆ, ಕಿವಿ ಮಂದವಾದಾಗ ಒಂದು ಕಿವಿಯಂತ್ರ ತಂದುಕೊಟ್ಟಿದ್ದೆವು. ಅಮ್ಮ ಎರಡೇ ದಿನ ಹಾಕಿಕೊಂಡು ಕಿತ್ತಿಟ್ಟರು. ಒಳಗೆ ಯಾರೋ ನಲ್ಲಿ ಬಿಟ್ಟು ಹೋಗಿದ್ದಾರೆ, ನಿಲ್ಲಿಸುವವರೇ ಇಲ್ಲ ಎಂದರು. ಆಮೇಲಿನ ನಾಲ್ಕು ವರ್ಷ ನಮ್ಮ ತುಟಿ ನೋಡುತ್ತಲೇ ಬದುಕಿ ಹೋದರು. ಮೊಮ್ಮಗನ ದನಿ ಹೇಗಿದೆ ಎಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಮ್ಯಾನೇಜರ್ ಮತ್ತು ಅತ್ತಿಗೆ ಜಗಳವಾಡಿ ಸುಸ್ತಾದ ಮೇಲೆ ಒಂದು ರಾಜಿಯಾಯಿತು. ಅತ್ತಿಗೆ ಬೇಡವೆಂದ ಚಿಪ್‌ಗಳ ಪೆಟ್ಟಿಗೆ ಲೆಕ್ಕದಲ್ಲಿ ಒಳ್ಳೆಯ ಸರಕಾಗಿಯೇ ಇರಲಿ, ಆದರೆ ಹೊರಗೆ ಹೋಗುವುದು ಬೇಡ. ಗುರುತಿಗೆ ಅಂಥ ಪೆಟ್ಟಿಗೆಯನ್ನು ಕಪಾಟಿನಲ್ಲಿ ತಲೆಕೆಳಗಾಗಿ ಇಡುವುದು. ಇಡುತ್ತಿದ್ದವಳು ನಾನು. ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರೂ ಬರೆದಿಡಲಿಲ್ಲ. ಬುದ್ಧಿವಂತರ ಬುದ್ಧಿ ಹೀಗೇ ಕೈಕೊಡುವುದು.

ಕಂಪನಿ ಮುಳುಗಿದ್ದಕ್ಕೆ ದೊಡ್ಡ ಕಥೆಯೇನಿಲ್ಲ. ಅರ್ಧಕ್ಕಿಂತ ಹೆಚ್ಚು ಚಿಪ್ ಕೊಳ್ಳುತ್ತಿದ್ದ ಒಂದು ಫೋನ್ ಕಂಪನಿ, ಇನ್ನು ಮೇಲೆ ನಾವೇ ಮಾಡಿಕೊಳ್ಳುತ್ತೇವೆ ಎಂದಿತು. ಎಂಟು ತಿಂಗಳಲ್ಲಿ ಬಾಗಿಲು ಮುಚ್ಚಿತು, ನಾವೆಲ್ಲ ಮನೆಗೆ ಬಂದೆವು. ಉಳಿದ ಸರಕನ್ನು ಮಾರಲು ಕೋರ್ಟು ಒಬ್ಬ ಅಧಿಕಾರಿಯನ್ನು ನೇಮಿಸಿತು. ಒಂದು ಮಂಗಳವಾರ ಅವರು ಉಗ್ರಾಣದ ಬೀಗದಕೈ ಒಪ್ಪಿಸಲು ನನ್ನನ್ನು ಕರೆದಾಗ, ಕರೆಯದಿದ್ದರೂ ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಉಗ್ರಾಣ ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಧಿಕಾರಿಯ ಜನ ಅಚ್ಚುಕಟ್ಟಿನವರು. ಮುನ್ನೂರ ಹನ್ನೆರಡು ಪೆಟ್ಟಿಗೆಗಳನ್ನೂ ಧೂಳು ಒರೆಸಿ, ನೆಟ್ಟಗೆ ತಿರುಗಿಸಿ, ಸಾಲಾಗಿ ಜೋಡಿಸಿ, ಮೇಲೆ ಹೊಸ ನಂಬರು ಅಂಟಿಸಿದ್ದರು. ಕೊಳ್ಳುವವರೂ ಸಿಕ್ಕಿದ್ದರು, ಗುರುವಾರ ಸಂಜೆ ಲಾರಿ ಬರುತ್ತದೆಯಂತೆ. ಯಾರು ಕೊಳ್ಳುತ್ತಿದ್ದಾರೆ ಎಂದು ಅತ್ತಿಗೆ ಕೇಳಿದರು. ಕಿವಿಯಂತ್ರ ಮಾಡುವವರು ಎಂದರು ಅಧಿಕಾರಿ.

ಅತ್ತಿಗೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು. ನಾನು ತಡವರಿಸುತ್ತ ಇದ್ದ ಸಂಗತಿಯೆಲ್ಲ ಹೇಳಿದೆ. ಅಧಿಕಾರಿ ಕೆಟ್ಟವರಲ್ಲ, ಕಾಗದದ ಮನುಷ್ಯ.

“ಲೇಬಲ್ ಮೇಲೆ ಪಾಸ್ ಅಂತಿದೆ. ತಲೆಕೆಳಗೆ ಇಟ್ರೆ ಫೇಲ್ ಅಂತ ಎಲ್ಲಿ ಬರೆದಿದೆ, ತೋರಿಸಿ” ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತಿಗೆ ಮಾತ್ರ ಎದ್ದು ನಿಂತರು.

“ಎಲ್ಲೂ ಬರೆದಿಲ್ಲ ಸಾರ್, ತಪ್ಪು ನಮ್ದೇ. ಲಾರಿ ಬರೋವರೆಗೂ ನಾನು ಕೂರ್ತಿದ್ದ ಆ ಕೋಣೆ ನಮಗೆ ಬಿಟ್ಕೊಡಿ. ಎಲ್ಲಾನೂ ಇನ್ನೊಂದ್ಸಲ ಕೇಳ್ತೀನಿ. ಕೂಲಿ ಏನೂ ಬೇಡ.”

ಅಧಿಕಾರಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅತ್ತಿಗೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಅರ್ಧ ಗಂಟೆಯ ಮೇಲೆ ಅಧಿಕಾರಿಯೇ ಸೋತು, ಬೇರೆ ಯಾವ ಸಾಮಾನೂ ಮುಟ್ಟಬಾರದು ಎಂಬ ಷರತ್ತಿನ ಮೇಲೆ ಕೋಣೆ ತೆಗೆಸಿಕೊಟ್ಟರು. ನಾನು ಒಂದೊಂದು ಪೆಟ್ಟಿಗೆಯಿಂದ ಎರಡೆರಡು ಚಿಪ್ ತೆಗೆದು ಪರೀಕ್ಷೆಯ ಹಲಗೆಗೆ ಸಿಕ್ಕಿಸುವುದು, ಅತ್ತಿಗೆ ಕಣ್ಣುಮುಚ್ಚಿ ಕೇಳಿ ‘ಹೂಂ’ ಅಥವಾ ‘ಬೇಡ’ ಅನ್ನುವುದು. ಈ ಸಲ ನಾನು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ, ಕುರುಡರಿಗೂ ಕಾಣುವ ಹಾಗೆ.

ಎರಡನೆಯ ದಿನ ಊಟದ ಹೊತ್ತು ಕಳೆದ ಮೇಲೆ ಅಧಿಕಾರಿ ಒಳಗೆ ಬಂದು ಮೂಲೆಯಲ್ಲಿ ಕುಳಿತರು. ಸ್ವಲ್ಪ ಹೊತ್ತು ನೋಡಿ, ಈ ಸಲ ನಾನು ಸಿಕ್ಕಿಸುತ್ತೇನೆ ಎಂದು ಎದ್ದು ಒಂದು ಚಿಪ್ ತಂದರು. ಅತ್ತಿಗೆ ಕೇಳಿದ ತಕ್ಷಣ ‘ಬೇಡ’ ಎಂದರು.

ಅಧಿಕಾರಿ ಪೆಟ್ಟಿಗೆ ತೋರಿಸಿದರು. ಅದು ಬೆಳಿಗ್ಗೆ ಅತ್ತಿಗೆಯೇ ‘ಹೂಂ’ ಎಂದಿದ್ದ ಪೆಟ್ಟಿಗೆ. ಮೇಲೆ ನನ್ನದೇ ದಪ್ಪ ಅಕ್ಷರ.

ಐವತ್ತನಾಲ್ಕು ವಯಸ್ಸು, ಕಿವಿಗೂ ವಯಸ್ಸಾಗುತ್ತದಲ್ಲವೇ ಎಂದು ಅಧಿಕಾರಿ ಮೆತ್ತಗೆ ಹೇಳಿದರು. ಅವರ ದನಿಯಲ್ಲಿ ಕರುಣೆಯಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಆದರೆ ನನಗೂ ಅದೇ ಭಯ. ಇವರ ಕಿವಿ ಹೋಗಿದ್ದರೆ ಎರಡು ದಿನದ ಕೆಲಸ ಮಾತ್ರವಲ್ಲ, ಇಪ್ಪತ್ತೆರಡು ವರ್ಷದ ಜಗಳವೂ ಸುಳ್ಳಾಗುತ್ತದೆ. ಅತ್ತಿಗೆಯ ಮುಖ ನೋಡುವ ಧೈರ್ಯ ಬರಲಿಲ್ಲ.

ಅವರು ಹೆಡ್‌ಫೋನ್ ತೆಗೆಯಲೇ ಇಲ್ಲ. ಮತ್ತೆ ಕಣ್ಣುಮುಚ್ಚಿ ಬಹಳ ಹೊತ್ತು ಕೇಳಿದರು.

“ಆತುರಪಟ್ಟೆ, ಅದು ನನ್ನ ತಪ್ಪು. ಚಿಪ್ ಬೆಳಿಗ್ಗೆ ಚೆನ್ನಾಗಿತ್ತು, ಈಗ್ಲೂ ಚೆನ್ನಾಗೇ ಇದೆ. ಇದು ಚಿಪ್ಪಿನ ಸದ್ದಲ್ಲ. ಸೊಳ್ಳೆ ಥರ ಗುಂಯ್‌ಗುಡ್ತಾ ಇದೆ, ಎಲ್ಲಿಂದಲೋ ಬರ್ತಿದೆ.”

ಕೋಣೆಯ ಸುತ್ತ ನೋಡಿದರು. ಮೂಲೆಯ ಸ್ವಿಚ್ಚಿನಲ್ಲಿ ಅಧಿಕಾರಿಯ ಫೋನು ಚಾರ್ಜಿಗೆ ನೇತಾಡುತ್ತಿತ್ತು. ಅವರು ಚಿಪ್ ತರಲು ಎದ್ದಾಗ ಸಿಕ್ಕಿಸಿದ್ದು, ನಮ್ಮ ಹಲಗೆಗೂ ಅದೇ ತಂತಿಯಿಂದ ಕರೆಂಟು. ಅತ್ತಿಗೆ ಹೇಳಿ ಅದನ್ನು ಕೀಳಿಸಿದರು. ಆಮೇಲೆ ಹೆಡ್‌ಫೋನ್ ಬಿಚ್ಚಿ ಅಧಿಕಾರಿಯ ತಲೆಗೇ ಹಾಕಿದರು. ಚಾರ್ಜರ್ ಸಿಕ್ಕಿಸಿ, ಕಿತ್ತು, ಮತ್ತೆ ಸಿಕ್ಕಿಸಿ ಕೇಳಿಸಿದರು. ಕೊನೆಗೆ ಹಿಂದಿನ ದಿನ ‘ಬೇಡ’ ಎಂದಿದ್ದ ಒಂದು ಚಿಪ್ ಹಾಕಿ, ಇದು ಕೆಟ್ಟ ಚಿಪ್ಪಿನ ಸದ್ದು ಎಂದರು. ಅಧಿಕಾರಿ ಕಣ್ಣು ಮುಚ್ಚಿಕೊಂಡರು. ತುಸು ಹೊತ್ತಿಗೆ ಅವರ ಹುಬ್ಬು ಮೇಲೇರಿತು.

ಇದನ್ನು ದಿನವಿಡೀ ಕಿವಿಯಲ್ಲಿ ಇಟ್ಟುಕೊಂಡು ಮನುಷ್ಯ ಬದುಕುವುದಾದರೂ ಹೇಗೆ ಎಂದು ಅವರೇ ಕೇಳಿದರು. ಬದುಕೋದಿಲ್ಲ, ಕಿತ್ತಿಡುತ್ತಾರೆ ಎಂದರು ಅತ್ತಿಗೆ. ಆಗಿನಿಂದ ಅಧಿಕಾರಿ ತಾವೇ ಪೆಟ್ಟಿಗೆ ಹೊತ್ತು ತಂದುಕೊಟ್ಟರು. ಫೋನನ್ನು ಹೊರಗೆ ಇಟ್ಟು ಬರುತ್ತಿದ್ದರು.

ಗುರುವಾರ ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಇನ್ನೂರ ಎಪ್ಪತ್ತೊಂದು ‘ಹೂಂ’, ನಲವತ್ತೊಂದು ‘ಬೇಡ’. ಬೇಡವಾದದ್ದನ್ನು ಮನೆಬಾಗಿಲ ಗಂಟೆ ಮಾಡುವವರಿಗೆ ಕೊಡುವುದು ಎಂದಾಯಿತು. ಗಂಟೆ ಸುಯ್ ಎಂದರೆ ಯಾರಿಗೂ ನಷ್ಟವಿಲ್ಲ, ಬಾಗಿಲು ತೆಗೆದರೆ ಸಾಕು.

ಕೊಳ್ಳುವವರ ಕಡೆಯ ಎಂಜಿನಿಯರ್ ಲಾರಿಯ ಜೊತೆಗೇ ಬಂದಿದ್ದರು. ಇವನ್ನು ಕೇಳಿ ನೋಡಿದವರು ಯಾರು ಎಂದು ಕಾಗದದ ಮೇಲೆ ಬೇಕು ಎಂದರು. ಅಧಿಕಾರಿ ಟೈಪು ಮಾಡಲು ಕುಳಿತು, ನೌಕರರ ಪಟ್ಟಿ ತೆಗೆದು, ಅತ್ತಿಗೆಯ ಹೆಸರು ಹುಡುಕಿ, ಅದನ್ನು ನಮ್ಮ ಕಡೆ ತಿರುಗಿಸಿದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಪ್ಯಾಕಿಂಗ್ ಸಹಾಯಕಿ’ ಎಂದಿತ್ತು. ಯಂತ್ರದ ಪರೀಕ್ಷೆಯಷ್ಟೇ ಪುಸ್ತಕದಲ್ಲಿದ್ದ ಕಂಪನಿ ಅದು, ಅಲ್ಲಿ ಕಿವಿಗೊಂದು ಹುದ್ದೆಯೇ ಇರಲಿಲ್ಲ. ಉಗ್ರಾಣದ ಪುಸ್ತಕ ಇಟ್ಟವಳು ನಾನು, ನನಗೇ ಇದು ಗೊತ್ತಿರಲಿಲ್ಲ. ಅತ್ತಿಗೆಗೆ ಗೊತ್ತಿತ್ತು ಎಂದು ಅವರ ಮುಖ ನೋಡಿದಾಗ ತಿಳಿಯಿತು.

ಏನೆಂದು ಬರೆಯಲಿ ಎಂದು ಅಧಿಕಾರಿ ಕೇಳಿದರು.

“ಕೇಳುವವಳು ಅಂತ ಬರೀರಿ.”

“ಅಂಥ ಹುದ್ದೆ ಈ ಕಂಪನೀಲಿ ಇಲ್ವಲ್ಲಮ್ಮ.”

“ಕಂಪನೀನೇ ಇಲ್ವಲ್ಲ ಸಾರ್. ಬರೀರಿ.”

ಅವರು ಬರೆದರು. ಅತ್ತಿಗೆ ಎರಡು ಸಲ ಓದಿ, ಸಂಖ್ಯೆ ಸರಿಯಿದೆಯೇ ಎಂದು ಬೆರಳಿಟ್ಟು ನೋಡಿ, ಅದರ ಕೆಳಗೆ ಸಹಿ ಹಾಕಿದರು. ನಾನು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.