ಬಾಗಿನದೊಳಗಿನ ಕಾಗದ

ಗೌರಿ ಹಬ್ಬದ ಬೆಳಿಗ್ಗೆ ಮುನಿತಾಯಮ್ಮನವರು ಗೇಟಿಗೂ ಅಡುಗೆಮನೆಗೂ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಒಬ್ಬಟ್ಟು ಕಾವಲಿಯ ಮೇಲೆ ಸೀದಿತ್ತು. ಆರ್‌ಪಿಸಿ ಲೇಔಟಿನ ಅವರ ಮನೆಯ ಮಹಡಿಯಲ್ಲಿ ನಾನು ಆರು ವರ್ಷದಿಂದ ಬಾಡಿಗೆಗಿದ್ದೇನೆ. ಗಾರ್ಮೆಂಟ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಾಲರ್ ಹೊಲಿದ ಹೆಂಗಸು, ಸೂಪರ್‌ವೈಸರ್ ಬೈದರೂ ಕಣ್ಣೆತ್ತದೆ ಕೆಲಸ ಮಾಡಿದವರು. ಅವರು ಹೀಗೆ ಚಡಪಡಿಸಿದ್ದನ್ನು ನಾನು ಕಂಡಿರಲಿಲ್ಲ.

ಕಾರಣ ಇಷ್ಟೆ. ತಮ್ಮ ಚಿಕ್ಕಣ್ಣ ಫೋನ್ ಮಾಡಿ, ಬಾಗಿನ ತರುತ್ತೇನೆ ಅಂದಿದ್ದ. ಎರಡು ವರ್ಷದಿಂದ ಬಂದಿರಲಿಲ್ಲ.

ಅವರ ತವರು ಶ್ರೀಗಂಧದ ಕಾವಲ್, ಇಲ್ಲಿಂದ ಆಟೋದಲ್ಲಿ ಅರ್ಧ ಗಂಟೆ. ಅಪ್ಪ ದೊಡ್ಡಮುನಿಯಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮನೆಗಳೆದ್ದಿವೆ. ಮಿಕ್ಕಿರುವುದು ಒಂದು ತುಂಡು ಜಾಗ. ಅದನ್ನು ಮಾರಲು ಹೊರಟ ಚಿಕ್ಕಣ್ಣ ವಂಶವೃಕ್ಷ ಮಾಡಿಸುವಾಗ, ಅಪ್ಪನಿಗೆ ತಾನೊಬ್ಬನೇ ಮಗ ಅಂತ ಬರೆಸಿಬಿಟ್ಟ. ಇಬ್ಬರು ಹೆಣ್ಣುಮಕ್ಕಳು ಹುಟ್ಟೇ ಇರಲಿಲ್ಲ ಅನ್ನುವ ಹಾಗೆ! ಕೊಳ್ಳುವವರ ಲಾಯರು ಚುರುಕಿನವನು, ಅಕ್ಕತಂಗಿಯರಿದ್ದಾರೆಂದು ಪತ್ತೆಹಚ್ಚಿ ಅವರ ಸಹಿ ಕೇಳಿದ. ಕಿರಿಯವಳು ಮಾಲಾ ಹಾಕಿಕೊಟ್ಟಳು. ಅವಳಿಗೆ ವರ್ಷಾ ವರ್ಷ ಬಾಗಿನ ಹೋಗುತ್ತಿದೆ.

ಮುನಿತಾಯಮ್ಮನವರು ಹಾಕಲಿಲ್ಲ. "ಜಾಗ ಬೇಡ ಕಣೋ. ಮೊದ್ಲು ಆ ಪತ್ರದಲ್ಲಿ ನನ್ ಹೆಸ್ರು ಸೇರ್ಸು, ಆಮೇಲೆ ಎಲ್ ಬೇಕೋ ಅಲ್ಲಿ ಹಾಕ್ತೀನಿ" ಅಂದಿದ್ದರು. ಅದಕ್ಕವನು ಹೇಳಿದ್ದು ಒಂದೇ ಮಾತು: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಕ್ಕ." ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಲೆಂದೇ ಈಕೆ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟದ್ದು. ನನಗಂತೂ ಮೈ ಉರಿದುಹೋಗಿತ್ತು.

"ಹೆಸ್ರು ಸೇರ್ಸಿರ್ತಾನೆ ಟೀಚರೇ. ಇಲ್ದಿದ್ರೆ ಯಾಕ್ ಬರ್ತಾನೆ?" ಎಂದು ನನ್ನನ್ನೇ ಕೇಳಿದರು. ನಾನು ಹೂಂ ಅಂದೆ.

ಹನ್ನೊಂದಕ್ಕೆ ಚಿಕ್ಕಣ್ಣ ಬಂದ. ಬಿಳಿ ಅಂಗಿ, ಕೈಯಲ್ಲಿ ಒಂದರ ಮೇಲೊಂದು ಬೋರಲು ಹಾಕಿದ ಜೋಡಿ ಮೊರ. ಕೂರಲೂ ಇಲ್ಲ, ಅಕ್ಕನ ಮುಂದೆ ಮೊರ ನೀಡಿದ. ಮುನಿತಾಯಮ್ಮನವರು ಸೆರಗೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎರಡು ವರ್ಷದ ಸಿಟ್ಟು ಅಷ್ಟರಲ್ಲೇ ಕರಗಿತ್ತು. ಹೆಣ್ಣುಮಕ್ಕಳ ಈ ತವರಿನ ಹುಚ್ಚಿಗೆ ಮದ್ದಿಲ್ಲ.

ಮೇಲಿನ ಮೊರ ಎತ್ತಿದರೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ. ರವಿಕೆ ಕಣದ ಕೆಳಗೆ ಮಡಚಿಟ್ಟ ಸ್ಟಾಂಪ್ ಪೇಪರು.

"ದೇವ್ರ ಹೆಸ್ರಲ್ಲಿ ಕೊಟ್ಟಿದೀನಿ, ಬೇಡ ಅನ್ಬಾರ್ದು. ಮಾಲಾ ಆಗ್ಲೇ ಹಾಕಿದಾಳೆ. ನೀನೂ ಒಂದ್ ಸೈನ್ ಹಾಕ್ಬಿಡಕ್ಕ" ಅಂದ. ಬಾಗಿನವನ್ನು ಯಾವ ಹೆಂಗಸೂ ಬೇಡ ಅನ್ನುವುದಿಲ್ಲ ಎಂಬ ಧೈರ್ಯದ ಮೇಲೆ ಹೂಡಿದ ಹೂಟ.

ಮುನಿತಾಯಮ್ಮನವರು ಕಾಗದ ನನ್ನ ಕೈಗಿಟ್ಟರು. "ಓದಿ ಟೀಚರೇ."

ಅದು ಹಕ್ಕು ಬಿಡುಗಡೆ ಪತ್ರ. ವಂಶವೃಕ್ಷದ ತಿದ್ದುಪಡಿಯ ಮಾತೇ ಅದರಲ್ಲಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ: "ಲೇಟ್ ದೊಡ್ಡಮುನಿಯಪ್ಪನವರ ಹಿರಿಯ ಮಗಳಾದ ಮುನಿತಾಯಮ್ಮ ಮತ್ತು ಕಿರಿಯ ಮಗಳಾದ ಮಾಲಾ ಆದ ನಾವು, ನಮ್ಮ ಸ್ವಇಚ್ಛೆಯಿಂದ..."

"ನಿಲ್ಲಿ" ಅಂದರು. "ಇನ್ನೊಂದ್ ಸಲ."

ಮತ್ತೆ ಓದಿದೆ. ಅವರು ಕಾಗದ ಇಸಿದುಕೊಂಡು, ಆ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿಕೊಂಡರು. ಆಮೇಲೆ ಮಡಚಿ ರವಿಕೆಯೊಳಗೆ ಸೇರಿಸಿದರು.

"ಅಕ್ಕ, ಸೈನು?"

"ಹಾಕಲ್ಲ."

"ಹಂಗಾದ್ರೆ ಪೇಪರ್ ಕೊಡು. ಮಾಲಾ ಸೈನ್ ಇರೋದು ಅದೊಂದ್ರಲ್ಲೇ."

"ಬಾಗಿನದಲ್ಲಿ ಬಂದಿದ್ದನ್ನ ವಾಪಸ್ ಕೊಡ್ತಾರೇನೋ? ಮನೆಗೆ ಒಳ್ಳೇದಾಗಲ್ಲ ಅಂತ ನಿಂಗೂ ಗೊತ್ತಲ್ಲ."

ಚಿಕ್ಕಣ್ಣ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡ. ದೇವರ ಹೆಸರು ತೆಗೆದವನು ಅವನೇ, ಈಗ ಯಾವ ಬಾಯಲ್ಲಿ ವಾಪಸ್ ಕೇಳುತ್ತಾನೆ? ನನಗೆ ನಗು ಬಂತು. ಮುನಿತಾಯಮ್ಮನವರ ಮುಖ ನೋಡಿದ ಮೇಲೆ ಆ ನಗು ಅಲ್ಲೇ ನಿಂತಿತು.

"ಇನ್ಮೇಲೆ ನನ್ ದಾರಿ ಕಾಯ್ಬೇಡ" ಎಂದು ಅವನು ಚಪ್ಪಲಿ ಮೆಟ್ಟಿದ.

"ಒಬ್ಬಟ್ಟಾದ್ರೂ ತಿಂದ್ ಹೋಗೋ!" ಅನ್ನುತ್ತ ಅವರು ಗೇಟಿನವರೆಗೂ ಓಡಿದರು. ಸ್ಕೂಟರ್ ತಿರುವು ದಾಟಿತ್ತು.

ಅಲ್ಲೇ ಗೇಟು ಹಿಡಿದು ನಿಂತು ಅತ್ತರು. ನಾನು ಹತ್ತಿರ ಹೋದಾಗ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ಹಿರಿಯ ಮಗಳು ಅಂತ ಬರ್ದಿದಾರೆ ಟೀಚರೇ. ನಾನು ಅಪ್ಪನ್ ಮಗಳಲ್ಲ ಅಂತ ಸೈನ್ ಹಾಕ್ಸೋಕೆ, ಮೊದ್ಲು ಮಗಳು ಅಂತ ಬರೀಲೇಬೇಕಾಯ್ತು."